ಪೈಥಾಗೊರಸ್ ಪ್ರಮೇಯ: ಎಳೆಯರಿಗೆ ಬೋಧನೆ

ಲಂಬಕೋನ ತ್ರಿಭುಜದ ವಿಕರ್ಣದ ಮೇಲೆ ರಚಿಸಿದ ಚೌಕದ ವಿಸ್ತೀರ್ಣವು ಉಳಿದೆರಡು ಬಾಹುಗಳ ಮೇಲಿನ ಚೌಕಗಳ ವಿಸ್ತೀರ್ಣಗಳ ಮೊತ್ತಕ್ಕೆ ಸಮ ಎಂಬುದೇ ಪೈಥಾಗೊರಸ್ ಪ್ರಮೇಯ. ಬೌಧಾಯನ ಶುಲ್ಬಸೂತ್ರ ಇದೇ ತತ್ತ್ವವನ್ನು ಆಯತದ ಕರ್ಣವನ್ನು ಕುರಿತು ಹೇಳುತ್ತದೆ. ಯೂಕ್ಲಿಡ್‌ನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಸಂಪುಟದಲ್ಲಿ ಇದು 47ನೆಯ ಪ್ರಮೇಯ.

ಪ್ರಾದೇಶಿಕ ಹಿನ್ನೆಲೆ: ಈ ಪಾಠಕ್ರಮ ಚಿಕ್ಕೋಡಿ ಗಡಿಭಾಗದ ಶಾಲೆಗಳನ್ನು ಗಮನದಲ್ಲಿಟ್ಟಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಆಕೃತಿಗಳ ಅಳತೆಯನ್ನು ಕನ್ನಡದಲ್ಲೇ ತಿಳಿಸುವ ಪರಂಪರೆಗೆ ಈ ಸೀಮೆಯ ನಂಟಿದೆ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮುಂತಾದ ಕೃತಿಗಳನ್ನು ರಚಿಸಿದ 12ನೆಯ ಶತಮಾನದ ಜೈನಕವಿ ರಾಜಾದಿತ್ಯನ ಊರು ಪೂವಿನಬಾಗೆ. ಇದನ್ನು ಇಂದಿನ ರಾಯಬಾಗವೆಂದು ಗುರುತಿಸಲಾಗಿದೆ.

ಮೊದಲ ಹೆಜ್ಜೆ: ಮಕ್ಕಳು ಮನೆ ಕಟ್ಟುವಲ್ಲಿ ಕಂಡ ಕೆಲಸದಿಂದಲೇ ಪಾಠ ಆರಂಭಿಸಬಹುದು. ಪಾಯದ ಮೂಲೆ ಹಿಡಿಯುವಾಗ ಗೌಂಡಿಯು ಒಂದು ದಾರದ ಮೇಲೆ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಹಾಕುತ್ತಾನೆ. ಗುರುತುಗಳ ನಡುವಿನ ಅಂತರ ಸರಿಯಾಗಿ 5 ಅಡಿ ಬಂದರೆ ಮೂಲೆ ಲಂಬಕೋನವಾಗಿದೆ ಎಂದರ್ಥ. ಇದು ಪ್ರಮೇಯದ ವಿಲೋಮದ ಬಳಕೆ. ತರಗತಿಯಲ್ಲಿ ಇದೇ ಅಳತೆಯ ತ್ರಿಭುಜ ಬರೆದು, ಮೂರೂ ಬಾಹುಗಳ ಮೇಲೆ ಚೌಕ ಎಳೆದು, ಮನೆಗಳಾಗಿ ವಿಂಗಡಿಸಬೇಕು. ಚಿಕ್ಕ ಚೌಕಗಳ 9 ಮತ್ತು 16 ಮನೆಗಳಲ್ಲಿ ಒಂದೊಂದು ಹುಣಸೆಬೀಜ ಇಟ್ಟು, ಎಲ್ಲವನ್ನೂ ದೊಡ್ಡ ಚೌಕಕ್ಕೆ ಸಾಗಿಸಿದರೆ 25 ಮನೆಗಳೂ ತುಂಬುತ್ತವೆ. ಬೀಜ ಉಳಿಯುವುದಿಲ್ಲ, ಮನೆ ಖಾಲಿ ಬೀಳುವುದಿಲ್ಲ.

ಸಾಧನೆ: ಬೀಜದ ಎಣಿಕೆ ಒಂದು ಉದಾಹರಣೆ ಮಾತ್ರ. ಎಲ್ಲ ಲಂಬಕೋನ ತ್ರಿಭುಜಗಳಿಗೂ ಇದು ಏಕೆ ಅನ್ವಯಿಸುತ್ತದೆ ಎಂಬುದನ್ನು ರಟ್ಟಿನ ನಾಲ್ಕು ಸಮಾನ ತ್ರಿಭುಜಗಳು ತೋರಿಸುತ್ತವೆ. 7 ಸೆಂ.ಮೀ. ಬಾಹುವಿನ ಚೌಕದ ನಾಲ್ಕು ಮೂಲೆಗಳಲ್ಲಿ 3, 4, 5 ಸೆಂ.ಮೀ. ಅಳತೆಯ ತ್ರಿಭುಜಗಳನ್ನು, ವಿಕರ್ಣ ಒಳಮುಖವಾಗುವಂತೆ, ಸುತ್ತಲೂ ಒಂದೇ ಕ್ರಮದಲ್ಲಿ ಇಟ್ಟರೆ ನಡುವೆ ಓರೆಯಾದ ಒಂದು ಚೌಕ ಉಳಿಯುತ್ತದೆ. ಅದೇ ತ್ರಿಭುಜಗಳನ್ನು ಎರಡೆರಡಾಗಿ ಕೂಡಿಸಿ ಎರಡು ಆಯತ ಮಾಡಿ ಎದುರುಬದುರು ಮೂಲೆಗಳಿಗೆ ಸರಿಸಿದರೆ ಎರಡು ಚಿಕ್ಕ ಚೌಕಗಳು ಉಳಿಯುತ್ತವೆ. ಹೊರಚೌಕ ಬದಲಾಗಿಲ್ಲ, ರಟ್ಟೂ ಅಷ್ಟೇ ಇದೆ. ಆದ್ದರಿಂದ ಖಾಲಿ ಜಾಗವೂ ಅಷ್ಟೇ. ಬಾಹುಗಳ ಉದ್ದ ಎಷ್ಟೇ ಇರಲಿ, ಹೊರಚೌಕದ ಬಾಹು ಅವೆರಡರ ಮೊತ್ತವಾಗಿದ್ದರೆ ಈ ತರ್ಕ ಸಲ್ಲುತ್ತದೆ.

ಬೋಧನಾ ಮಹತ್ವ: ಈ ಕ್ರಮಕ್ಕೆ ಮಾತು ಕಡಿಮೆ ಸಾಕು. ಕನ್ನಡ, ಮರಾಠಿ ಎರಡೂ ಮಾಧ್ಯಮದ ಶಾಲೆಗಳಿರುವ ಈ ಗಡಿಭಾಗಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ. ಸೂತ್ರವನ್ನು ಮೊದಲೇ ಬಾಯಿಪಾಠ ಮಾಡಿಸಬಾರದು. ಮಗು ಕೈಯಾರೆ ಜೋಡಿಸಿ ಕಾರಣ ಕಂಡುಕೊಂಡ ಮೇಲೆಯೇ ಸೂತ್ರ ಬರೆಯಿಸಬೇಕು.