ತೋಳಿನ ಸೂಜಿ, ಕರುಳಿನ ನೆನಪು: ಪೋಲಿಯೊ ಲಸಿಕೆ ಮತ್ತು ಪೇಯರ್ ತೇಪೆಗಳು

ಸ್ನಾಯುವಿಗೆ ಚುಚ್ಚಿದ ಲಸಿಕೆಯ ಫಲ ಮಗುವಿನ ಮಲದಲ್ಲಿ ಕಾಣಿಸಿತು. ವೆಲ್ಲೂರಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಲವು ಬಾರಿ ಪೋಲಿಯೊ ಹನಿ ಹಾಕಿಸಿಕೊಂಡಿದ್ದ 1ರಿಂದ 4 ವರ್ಷದ 450 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ನಿಷ್ಕ್ರಿಯ ವೈರಸ್ಸಿನ ಚುಚ್ಚುಮದ್ದನ್ನು ಒಮ್ಮೆ ಕೊಟ್ಟರು. ಬಳಿಕ ಎಲ್ಲರಿಗೂ ಹನಿ ಹಾಕಿ ನೋಡಿದರೆ, ಚುಚ್ಚಿಸಿಕೊಂಡವರ ಮಲದಲ್ಲಿ ವೈರಸ್ ಹೊರಬೀಳುವ ಸಂಭವ ಒಂದನೇ ಬಗೆಯ ಪೋಲಿಯೊ ವೈರಸ್ಸಿಗೆ ಶೇ. 38ರಷ್ಟು, ಮೂರನೇ ಬಗೆಗೆ ಶೇ. 70ರಷ್ಟು ತಗ್ಗಿತ್ತು. ಹನಿಯನ್ನೇ ಕಾಣದ ಮಗುವಿಗೆ ಇದೇ ಚುಚ್ಚುಮದ್ದು ಕೊಟ್ಟರೆ ರಕ್ತದಲ್ಲಿ ಪ್ರತಿಕಾಯ ಏರುತ್ತದೆ, ಪಾರ್ಶ್ವವಾಯುವಿನಿಂದ ರಕ್ಷಣೆ ಸಿಗುತ್ತದೆ. ಕರುಳಿಗೆ ಮಾತ್ರ ಅದರಿಂದ ದಕ್ಕುವುದು ಅತ್ಯಲ್ಪ.

ಈ ವ್ಯತ್ಯಾಸದ ಬೇರು ಸಣ್ಣಕರುಳಿನ ಗೋಡೆಯಲ್ಲಿದೆ. 1677ರಲ್ಲಿ ಸ್ವಿಟ್ಜರ್‌ಲೆಂಡಿನ ಯೋಹಾನ್ ಕೊನ್ರಾಡ್ ಪೇಯರ್ ಗ್ರಂಥಿಗಳೆಂದು ವರ್ಣಿಸಿದ ತೇಪೆಗಳು ಅಲ್ಲಿ, ಅದರಲ್ಲೂ ಕೊನೆಯ ಭಾಗದಲ್ಲಿ, ಹರಡಿವೆ. ತೇಪೆಯ ಮೇಲ್ಪೊರೆಯ ಎಂ ಕೋಶಗಳು ಕರುಳಿನೊಳಗಿನ ಕಣಗಳನ್ನು ಹೆಕ್ಕಿ ಕೆಳಗಿರುವ ಡೆಂಡ್ರೈಟಿಕ್ ಕೋಶಗಳಿಗೆ ದಾಟಿಸುತ್ತವೆ. ಟಿ ಕೋಶಗಳ ನೆರವಿನಿಂದ ಬಿ ಕೋಶಗಳು ಐಜಿಎ ಎಂಬ ಪ್ರತಿಕಾಯದ ತಯಾರಿಕೆಯತ್ತ ಹೊರಳುತ್ತವೆ. ಡೆಂಡ್ರೈಟಿಕ್ ಕೋಶಗಳು ಎ ಜೀವಸತ್ವದಿಂದ ತಯಾರಿಸುವ ರೆಟಿನೋಯಿಕ್ ಆಮ್ಲದ ಪಾತ್ರ ಇಲ್ಲಿ ದೊಡ್ಡದು: ಕರುಳಿನ ರಕ್ತನಾಳಗಳನ್ನು ಗುರುತಿಸುವ ಆಲ್ಫಾ4ಬೀಟಾ7 ಪ್ರೋಟೀನು ಬಿ ಕೋಶಗಳ ಮೈಮೇಲೆ ಮೂಡುವುದು ಅದರ ಪ್ರಭಾವದಿಂದ. ಹೀಗೆ ತವರಿನ ವಿಳಾಸ ಹೊತ್ತ ಕೋಶಗಳು ದುಗ್ಧನಾಳ ಹಿಡಿದು ರಕ್ತ ಸೇರಿ ಮತ್ತೆ ಕರುಳಿಗೇ ಮರಳುತ್ತವೆ. ತೋಳಿಗೆ ಚುಚ್ಚಿದ ಲಸಿಕೆಯಿಂದ ಕಂಕುಳಿನ ದುಗ್ಧಗ್ರಂಥಿಯಲ್ಲಿ ತಯಾರಾದ ಕೋಶಕ್ಕೆ ಆ ವಿಳಾಸ ದೊರೆಯುವುದು ಅಪರೂಪ.

ಹಾಗಾದರೆ ವೆಲ್ಲೂರಿನ ಸೂಜಿ ಮಾಡಿದ್ದೇನು? ಹನಿ ಹಿಂದೆಯೇ ವಿಳಾಸ ಬರೆದಿಟ್ಟಿದ್ದ ನೆನಪಿನ ಕೋಶಗಳನ್ನು ಅದು ಎಬ್ಬಿಸಿತು ಎಂಬುದು ನನ್ನ ಗ್ರಹಿಕೆ. ಮಲದ ಮಾದರಿಯಿಂದ ಕಟ್ಟಿದ ಊಹೆಯಿದು. ತೇಪೆಯನ್ನೇ ಕಂಡು ಹೇಳಿದ್ದಲ್ಲ. ಇಲಿಗಳಲ್ಲಿ ತುಸು ಆಧಾರವಿದೆ. ಬಾಯಿಯ ಮೂಲಕ ಪ್ರತಿಜನಕ ಕೊಟ್ಟಾಗ ಒಂದೇ ವಂಶದ ಬಿ ಕೋಶಗಳು ಹಲವು ತೇಪೆಗಳ ಜರ್ಮಿನಲ್ ಕೇಂದ್ರಗಳನ್ನು ಹೊಕ್ಕು ತಮ್ಮ ಪ್ರತಿಕಾಯವನ್ನು ಇನ್ನಷ್ಟು ತಿದ್ದಿಕೊಳ್ಳುವುದನ್ನು ಸ್ವೀಡನ್ನಿನ ಗೋಥೆನ್‌ಬರ್ಗ್ ಸಂಶೋಧಕರು 2013ರಲ್ಲಿ ವರದಿ ಮಾಡಿದರು. ಅಂದರೆ ತೇಪೆಗಳು ಬಿಡಿಬಿಡಿ ಠಾಣೆಗಳಲ್ಲ.

ಆದರೆ ಹನಿ ಎಲ್ಲೆಡೆ ಒಂದೇ ಸಮ ಹಿಡಿಯುವುದಿಲ್ಲ. ಭಾರತದ ಮಕ್ಕಳಿಗೆ ಮೂರು ಡೋಸ್ ಸಾಲದೆಂದು ವೆಲ್ಲೂರಿನಲ್ಲೇ ಕೆಲಸ ಮಾಡಿದ ವೈರಾಣು ತಜ್ಞ ಟಿ. ಜೇಕಬ್ ಜಾನ್ 1970ರ ದಶಕದಿಂದಲೂ ವಾದಿಸಿದ್ದರು. ಹನಿ ಹಾಕುವ ಹೊತ್ತಿಗೆ ಕರುಳಿನಲ್ಲಿ ನೆಲೆಸಿರುವ ಬೇರೆ ಎಂಟೆರೊವೈರಸ್‌ಗಳು, ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯ ವೈರಸ್ಸಿಗೆ ಅಡ್ಡ ಬರುತ್ತವೆ. ತೇಪೆಯನ್ನೇ ತಲುಪದ ವೈರಸ್ ಯಾವ ನೆನಪನ್ನೂ ಉಳಿಸದು. ಎಬ್ಬಿಸಲು ಏನೂ ಇಲ್ಲದ ಕರುಳಿನಲ್ಲಿ ಸೂಜಿಯೂ ಸೋಲುತ್ತದೆ. 2016ರಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಚುಚ್ಚುಮದ್ದಿನ ಐದನೇ ಒಂದು ಪಾಲನ್ನು 6ನೇ ಮತ್ತು 14ನೇ ವಾರದಲ್ಲಿ ಚರ್ಮದೊಳಗೆ ಕೊಡಲು ತೊಡಗಿದರು. ಹನಿಯನ್ನು ಮಾತ್ರ ಕೈಬಿಡಲಿಲ್ಲ.