ಕಡಲಿನ ‘ಇತರೆ’

ಸರ್ಕಾರಿ ನಮೂನೆಗಳ ನಡುವೆ ಇಪ್ಪತ್ತು ವರ್ಷ ಕಳೆದವನಿಗೆ ಒಂದು ಸಾಲಿನ ಪರಿಚಯ ಚೆನ್ನಾಗಿರುತ್ತದೆ. ವಿವರಪಟ್ಟಿಯ ಎಲ್ಲ ವರ್ಗಗಳೂ ಮುಗಿದ ಮೇಲೆ, ಒಟ್ಟು ಮೊತ್ತಕ್ಕಿಂತ ಸ್ವಲ್ಪ ಮೊದಲು ಬರುವ ‘ಇತರೆ’ ಎಂಬ ಸಾಲು ಅದು. ಮೇಲಿನ ಯಾವ ವರ್ಗಕ್ಕೂ ಒಗ್ಗದವರೆಲ್ಲ ಅಲ್ಲಿ ಹೋಗಿ ಸೇರುತ್ತಾರೆ. ಆ ಸಾಲಿನ ಸಂಖ್ಯೆ ಚಿಕ್ಕದಾಗಿದ್ದಷ್ಟು ಕಾಲ ಯಾರೂ ಅದರತ್ತ ನೋಡುವುದಿಲ್ಲ. ಅದು ಉಳಿದೆಲ್ಲ ಸಾಲುಗಳ ಮೊತ್ತವನ್ನೂ ಮೀರಿದಾಗ ಮಾತ್ರ, ದೋಷವಿರುವುದು ಎಣಿಸಿಕೊಂಡವರಲ್ಲಿ ಅಲ್ಲ, ನಮೂನೆಯಲ್ಲಿಯೇ ಎಂಬುದು ಹೊಳೆಯುತ್ತದೆ. ಸಮುದ್ರದ ಸೂಕ್ಷ್ಮಜೀವಿಗಳ ಅಧ್ಯಯನದಲ್ಲಿ ಇಂಥದೊಂದು ಅರಿವು ಮೂಡಲು ಸುಮಾರು ನೂರು ವರ್ಷಗಳು ಬೇಕಾದವು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಓದಿದ್ದು ಇಂಗ್ಲಿಷ್ ಸಾಹಿತ್ಯ. ಆದರೂ ಎಣಿಕೆಯ ತಪ್ಪುಗಳ ಬಗ್ಗೆ ನನಗೆ ವೃತ್ತಿಸಹಜವಾದ ಕುತೂಹಲವಿದೆ. ಆ ಕುತೂಹಲವೇ ಈ ಬರಹಕ್ಕೆ ಕಾರಣ.

ಕತೆ ಆರಂಭವಾಗುವುದು ಕಡಲಿನಲ್ಲಲ್ಲ, ಅಡುಗೆಮನೆಯಲ್ಲಿ. 1881ರ ಸುಮಾರಿಗೆ ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಅವರು ಬ್ಯಾಕ್ಟೀರಿಯಾಗಳನ್ನು ಒಂದರಿಂದೊಂದು ಬೇರ್ಪಡಿಸಿ ಬೆಳೆಸುವ ಮಾರ್ಗವನ್ನು ರೂಪಿಸುತ್ತಿದ್ದರು. ಅದಕ್ಕೆ ಪೋಷಕ ರಸವನ್ನು ಹೆಪ್ಪುಗಟ್ಟಿಸುವ ವಸ್ತುವೊಂದು ಬೇಕಿತ್ತು. ಅವರು ಬಳಸುತ್ತಿದ್ದ ಜೆಲಟಿನ್ ಬೇಸಗೆಯ ಶಾಖಕ್ಕೇ ಕರಗಿಬಿಡುತ್ತಿತ್ತು. ಅವರ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ ಇದಕ್ಕೆ ಪರಿಹಾರ ಸೂಚಿಸಿದರು. ತಾವು ಮನೆಯಲ್ಲಿ ಮಾಡುವ ಜೆಲ್ಲಿಗಳು ಸೆಖೆಯಲ್ಲಿಯೂ ಗಟ್ಟಿಯಾಗಿರಲು ಅಗರ್ ಕಾರಣವೆಂಬುದು ಅವರಿಗೆ ಗೊತ್ತಿತ್ತು. ಜಾವಾದಲ್ಲಿ ಬಾಳಿ ಬಂದಿದ್ದ ಡಚ್ ಪರಿಚಿತರಿಂದ ಅವರು ಅದನ್ನು ಕಲಿತಿದ್ದರು. ಅಗರ್ ಎಂದರೆ ನಾವು ಕಿರಾಣಿ ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಕೇಳಿ ತರುವ ವಸ್ತುವೇ. ಕಡಲಿನ ಕೆಂಪು ಪಾಚಿಯಿಂದ ತೆಗೆದದ್ದು. 1882ರಲ್ಲಿ ಕಾಕ್ ಅವರು ಕ್ಷಯರೋಗದ ಬಗೆಗಿನ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಅಗರ್ ಅನ್ನು ಹೆಸರಿಸಿದರು. ಹೆಸ್ಸೆ ದಂಪತಿಗಳನ್ನು ಹೆಸರಿಸಲಿಲ್ಲ. ಅದೇ ಪ್ರಯೋಗಾಲಯದ ಪೆಟ್ರಿ ಅವರು 1887ರಲ್ಲಿ ವಿವರಿಸಿದ ಮುಚ್ಚಳದ ತಟ್ಟೆಗೆ ಇಂದಿಗೂ ಅವರದೇ ಹೆಸರಿದೆ.

ಈ ತಟ್ಟೆ ಮತ್ತು ಈ ಅಗರ್ ಸೇರಿ ಒಂದು ಗಣತಿಯ ಪದ್ಧತಿಯಾಯಿತು. ನೀರಿನ ಹನಿಯನ್ನು ತಟ್ಟೆಯ ಮೇಲೆ ಹರಡಬೇಕು. ಕೆಲವು ದಿನ ಕಾಯಬೇಕು. ಮೂಡಿದ ಚುಕ್ಕೆಗಳನ್ನು ಎಣಿಸಬೇಕು. ಒಂದು ಚುಕ್ಕೆಯೆಂದರೆ ಮೂಲದಲ್ಲಿದ್ದ ಒಂದು ಜೀವಕೋಶದ ಸಂತಾನ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಕ್ಲಾಡ್ ಜೊಬೆಲ್ ಅವರು ಈ ವಿಧಾನವನ್ನು ಕಡಲಿಗೆ ಹೊಂದಿಸಿದರು. ಉಪ್ಪುನೀರಿಗೆ ಪೆಪ್ಟೋನ್ ಮೊದಲಾದ ಪೋಷಕಗಳನ್ನು ಬೆರೆಸಿ ಪೌಷ್ಟಿಕವಾದ ಮಾಧ್ಯಮವನ್ನು ತಯಾರಿಸಿದರು. 1946ರಲ್ಲಿ ಪ್ರಕಟವಾದ ಅವರ ಗ್ರಂಥ ಕಡಲಿನ ಸೂಕ್ಷ್ಮಜೀವಶಾಸ್ತ್ರಕ್ಕೆ ಬುನಾದಿಯಾಯಿತು. ಅದು ದೊಡ್ಡ ಕೆಲಸ. ಆದರೆ ಆ ಪದ್ಧತಿಯ ಒಳಗೆ ಒಂದು ನಂಬಿಕೆ ಅಡಗಿತ್ತು: ಒಳ್ಳೆಯ ಊಟವಿಟ್ಟರೆ ಎಲ್ಲರೂ ಬರುತ್ತಾರೆ ಎಂಬುದು. ಔತಣಕ್ಕೆ ಬಂದವರನ್ನೇ ಇಡೀ ಊರೆಂದು ಬರೆದುಕೊಂಡಂತಾಯಿತು.

1970ರ ದಶಕದಲ್ಲಿ ಬೇರೊಂದು ಎಣಿಕೆ ಸಾಧ್ಯವಾಯಿತು. ಸಮುದ್ರದ ನೀರನ್ನು ಅತಿಸೂಕ್ಷ್ಮ ರಂಧ್ರಗಳ ಶೋಧಕದಲ್ಲಿ ಸೋಸಿ, ಅದರ ಮೇಲೆ ಉಳಿದ ಜೀವಕೋಶಗಳಿಗೆ ಹೊಳೆಯುವ ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಡಿ ನೇರವಾಗಿ ಎಣಿಸುವ ವಿಧಾನವದು. 1977ರಲ್ಲಿ ಹಾಬಿ ಮತ್ತು ಸಂಗಡಿಗರು ಅದನ್ನು ಸುಧಾರಿಸಿದರು. ಮೇಲ್ಪದರದ ಕಡಲ ನೀರಿನ ಒಂದೇ ಮಿಲಿಲೀಟರಿನಲ್ಲಿ ಲಕ್ಷದಿಂದ ಹತ್ತು ಲಕ್ಷದವರೆಗೆ ಬ್ಯಾಕ್ಟೀರಿಯಾಗಳು ಕಂಡವು. ತಟ್ಟೆಯ ಮೇಲೆ ಬೆಳೆಯುತ್ತಿದ್ದವು ಅವುಗಳಲ್ಲಿ ಸಾವಿರಕ್ಕೆ ಒಂದೂ ಅಲ್ಲ. 1985ರಲ್ಲಿ ಸ್ಟೇಲಿ ಮತ್ತು ಕೊನೋಪ್ಕಾ ಈ ಅಂತರವನ್ನು ತಟ್ಟೆ ಎಣಿಕೆಯ ಮಹಾ ಅಸಂಗತಿ ಎಂಬ ಅರ್ಥದ ಹೆಸರಿನಿಂದ ಕರೆದರು. ಹಾಗಾದರೆ ಬೆಳೆಯದೆ ಉಳಿದವು ಯಾವುವು? ಸತ್ತಿರಬಹುದು, ಇಲ್ಲವೇ ನಿದ್ರಿಸುತ್ತಿರಬಹುದು ಎಂಬ ಉತ್ತರ ಸುಲಭವಾಗಿ ಸಿಗುತ್ತಿತ್ತು. ನಮೂನೆಗೆ ಒಗ್ಗದ ಜೀವಂತರನ್ನು ಮೃತರೆಂದು ದಾಖಲಿಸುವ ಪದ್ಧತಿ ಕಚೇರಿಗಳಿಗಷ್ಟೇ ಸೀಮಿತವಲ್ಲ.

ದಾರಿ ತೆರೆದದ್ದು ಕಡಲಿಗೆ ಸಂಬಂಧವೇ ಇಲ್ಲದಂತೆ ಕಾಣುತ್ತಿದ್ದ ಒಂದು ಕೆಲಸ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೋಸ್ ಅವರು ಜೀವಿಗಳ ವಂಶಾವಳಿಯನ್ನು ಅವುಗಳ ಆಕಾರದಿಂದಲ್ಲದೆ ಅಣುಗಳಿಂದ ಓದಲು ಹೊರಟಿದ್ದರು. ಸಾಹಿತ್ಯದ ಓದುಗರಿಗೆ ಈ ವಿಧಾನ ಅಪರಿಚಿತವೇನಲ್ಲ. ಹಳಗನ್ನಡ ಕಾವ್ಯವೊಂದರ ಹತ್ತಾರು ಓಲೆಗರಿ ಪ್ರತಿಗಳನ್ನು ಎದುರಿಗಿಟ್ಟುಕೊಂಡ ಸಂಪಾದಕರು ಪಾಠಾಂತರಗಳನ್ನು ಹೋಲಿಸುತ್ತಾರೆ. ಒಂದೇ ಬಗೆಯ ಸ್ಖಾಲಿತ್ಯಗಳನ್ನು ಹಂಚಿಕೊಂಡ ಪ್ರತಿಗಳು ಒಂದೇ ಮೂಲದಿಂದ ಬಂದವೆಂದು ತರ್ಕಿಸುತ್ತಾರೆ. ಪ್ರತಿಯೊಂದು ಜೀವಕೋಶದಲ್ಲಿಯೂ ಪ್ರೋಟೀನು ತಯಾರಿಸುವ ರೈಬೋಸೋಮ್ ಇದೆ. ಅದರಲ್ಲಿ ಆರ್‌ಎನ್‌ಎ ಇದೆ. ಕೋಟ್ಯಂತರ ವರ್ಷಗಳಿಂದ ನಕಲಾಗುತ್ತ ಬಂದಿರುವ ಆ ಪಾಠದಲ್ಲಿ ಅಕ್ಷರಗಳು ಅತಿ ನಿಧಾನವಾಗಿ ಬದಲಾಗುತ್ತವೆ. ವೋಸ್ ಅವರು ಆ ಪಾಠಾಂತರಗಳನ್ನೇ ಹೋಲಿಸಿದರು. 1977ರಲ್ಲಿ ಅವರೂ ಜಾರ್ಜ್ ಫಾಕ್ಸ್ ಅವರೂ, ಬ್ಯಾಕ್ಟೀರಿಯಾಗಳೆಂದು ಭಾವಿಸಿದ್ದ ಕೆಲವು ಜೀವಿಗಳು ವಾಸ್ತವವಾಗಿ ಬೇರೆಯದೇ ಒಂದು ಮಹಾವಂಶಕ್ಕೆ ಸೇರಿದವೆಂದು ತೋರಿಸಿದರು. ಇಂದು ಅವನ್ನು ಆರ್ಕಿಯಾ ಎನ್ನುತ್ತೇವೆ.

ಇದರ ಮುಂದಿನ ಹೆಜ್ಜೆ ನಾರ್ಮನ್ ಪೇಸ್ ಅವರದು. ಜೀವಿಯನ್ನು ಬೆಳೆಸಿಯೇ ಅದರ ಪಾಠವನ್ನು ಓದಬೇಕೆಂಬ ನಿಯಮವಿಲ್ಲ. ನೀರಿನಿಂದಲೇ ನೇರವಾಗಿ ಅದನ್ನು ತೆಗೆದು ಓದಬಹುದು ಎಂದು ಅವರು 1980ರ ದಶಕದಲ್ಲಿ ತೋರಿಸಿಕೊಟ್ಟರು. ಅವರ ಬಳಿ ದುಡಿದಿದ್ದ ಸ್ಟೀಫನ್ ಜಿಯೊವನೋನಿ ಅವರು ಮುಂದೆ ಆರೆಗಾನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅದೇ ವಿಧಾನವನ್ನು ಅಟ್ಲಾಂಟಿಕ್ ಸಾಗರದ ಸರ್ಗಾಸೊ ಸಮುದ್ರಕ್ಕೆ ಅನ್ವಯಿಸಿದರು. 1990ರಲ್ಲಿ ಪ್ರಕಟವಾದ ಅವರ ಫಲಿತಾಂಶಗಳಲ್ಲಿ, ಪ್ರಯೋಗಾಲಯಗಳಲ್ಲಿ ಬೆಳೆದ ಯಾವ ಬ್ಯಾಕ್ಟೀರಿಯಾಕ್ಕೂ ಹೊಂದದ ಗುಂಪೊಂದು ಕಾಣಿಸಿಕೊಂಡಿತು. ಅದಕ್ಕೆ ಎಸ್‌ಎಆರ್ 11 ಎಂಬ ಗುರುತು ಸಿಕ್ಕಿತು. ಹೆಸರಲ್ಲ, ಬರೀ ಗುರುತು. 2002ರಲ್ಲಿ ನಡೆದ ಎಣಿಕೆಯು ಈ ಒಂದು ಗುಂಪೇ ಸಾಗರದ ಮೇಲ್ಪದರದ ಸೂಕ್ಷ್ಮಜೀವಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗವೆಂದು ತಿಳಿಸಿತು. ಭೂಮಿಯ ಮೇಲೆ ಅತ್ಯಂತ ಹೇರಳವಾಗಿರುವ ಜೀವಿಗಳ ಸಾಲಿಗೆ ಸೇರಿದ ಒಂದು ಬಳಗ ಒಂದು ಶತಮಾನದ ಗಣತಿಯಲ್ಲಿ ಒಮ್ಮೆಯೂ ನಮೂದಾಗಿರಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ಹೊಸ ವಿಧಾನವು ಹಳೆಯದನ್ನು ಗೆದ್ದಿತೆಂದು ಬರೆದು ಲೇಖನಿಯನ್ನು ಕೆಳಗಿಡಬಹುದಿತ್ತು. ಆದರೆ ಅಕ್ಷರಗಳ ಸಾಲೊಂದು ಸಿಕ್ಕಿದ ಮಾತ್ರಕ್ಕೆ ಆ ಜೀವಿ ಏನನ್ನು ತಿನ್ನುತ್ತದೆ, ಹೇಗೆ ಬದುಕುತ್ತದೆ ಎಂಬುದು ತಿಳಿಯುವುದಿಲ್ಲ. ಹನ್ನೆರಡು ವರ್ಷ ಎಸ್‌ಎಆರ್ 11 ಬರೀ ಒಂದು ಪಾಠವಾಗಿಯೇ ಉಳಿದಿತ್ತು. 2002ರಲ್ಲಿ ಮೈಕೆಲ್ ರಾಪೆ, ಜಿಯೊವನೋನಿ ಮತ್ತು ಸಂಗಡಿಗರು ಅದನ್ನು ಕೊನೆಗೂ ಬೆಳೆಸಿದರು. ಅವರು ಮಾಡಿದ ಉಪಾಯ ಸರಳ: ತಟ್ಟೆಯನ್ನೂ ಔತಣವನ್ನೂ ಕೈಬಿಟ್ಟರು. ಆರೆಗಾನ್ ಕರಾವಳಿಯ ಕಡಲ ನೀರನ್ನೇ ಸೋಸಿ, ಶಾಖದಿಂದ ನಿರ್ಜೀವಗೊಳಿಸಿ, ಅದಕ್ಕೆ ಬೆರಳೆಣಿಕೆಯಷ್ಟು ಜೀವಕೋಶಗಳನ್ನು ಮಾತ್ರ ಬಿಟ್ಟರು. ಪೋಷಕಾಂಶ ಹೆಚ್ಚೆಂದರೆ ಲೇಶಮಾತ್ರ. ಜೀವಿ ಬೆಳೆಯಿತು. ಪೆಪ್ಟೋನನ್ನು ತುಸುವೇ ಬೆರೆಸಿದರೂ ಅದರ ಬೆಳವಣಿಗೆ ಕುಂದುತ್ತಿತ್ತು. ನೂರು ವರ್ಷಗಳ ಸತ್ಕಾರವೇ ಅತಿಥಿಗೆ ಒಗ್ಗದ ಊಟವಾಗಿತ್ತು. ಅದಕ್ಕೆ ಪೆಲಾಜಿಬ್ಯಾಕ್ಟರ್ ಯುಬಿಕ್ ಎಂಬ ಹೆಸರು ಬಂದಿತು. ತೆರೆದ ಕಡಲಿನಲ್ಲಿ ಎಲ್ಲೆಲ್ಲೂ ಇರುವ ಬ್ಯಾಕ್ಟೀರಿಯಾ ಎಂಬುದು ಅದರ ಭಾವ. 2005ರಲ್ಲಿ ಅದರ ಪೂರ್ಣ ಜೀನೋಮನ್ನು ಓದಿದಾಗ ಇದ್ದದ್ದು ಸುಮಾರು 13 ಲಕ್ಷ ಅಕ್ಷರಗಳು ಮಾತ್ರ. ಸ್ವತಂತ್ರವಾಗಿ ಬದುಕುವ ಜೀವಕೋಶಗಳಲ್ಲಿ ಆವರೆಗೆ ತಿಳಿದಿದ್ದ ಅತಿ ಚಿಕ್ಕ ಜೀನೋಮ್ ಅದು. ಬಡ ನೀರಿನಲ್ಲಿ ಮಿತವಾಗಿ ಬದುಕುವ ಕಲೆಗೆ ಬೇಕಾದಷ್ಟನ್ನೇ ಅದು ಇಟ್ಟುಕೊಂಡಿತ್ತು.

ಈ ಎಣಿಕೆಯಿಂದ ನಮಗೇನು ಎಂದು ಕೇಳುವವರಿಗೆ ಮುಂಬಯಿಯ ಕಿಟಕಿಯಿಂದ ಕಾಣುವ ಅರಬ್ಬೀ ಸಮುದ್ರವೇ ಉತ್ತರ ಕೊಡಬಲ್ಲದು. ಆ ಸಮುದ್ರದ ಮಧ್ಯದ ಆಳದಲ್ಲಿ ಆಮ್ಲಜನಕ ಬಹುಮಟ್ಟಿಗೆ ಇಲ್ಲವೆನ್ನಿಸುವಷ್ಟು ಕಡಿಮೆ ಇರುವ ವಿಶಾಲ ಪದರವೊಂದಿದೆ. ಅಲ್ಲಿನ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಆಮ್ಲಜನಕದ ಬದಲು ನೈಟ್ರೇಟನ್ನು ಬಳಸುತ್ತವೆ. ಆ ಪ್ರಕ್ರಿಯೆಯ ನಡುವೆ ನೈಟ್ರಸ್ ಆಕ್ಸೈಡ್ ಹುಟ್ಟುತ್ತದೆ. ಶತಮಾನದ ಅವಧಿಯಲ್ಲಿ ಲೆಕ್ಕ ಹಾಕಿದರೆ ಸಮಾನ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಶಾಖವರ್ಧಕವಾದ ಅನಿಲವದು. ಗೋವೆಯ ದೋನಾಪಾವ್ಲದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಕ್ವಿ ಮತ್ತು ಸಂಗಡಿಗರು, ಭಾರತದ ಪಶ್ಚಿಮ ತೀರದ ಅಂಚಿನಲ್ಲಿ ಆಮ್ಲಜನಕದ ಕೊರತೆ ತೀವ್ರವಾಗುತ್ತಿರುವುದನ್ನೂ ಅದರೊಡನೆ ಈ ಅನಿಲದ ಉತ್ಪತ್ತಿ ಏರುವುದನ್ನೂ 2000ದಲ್ಲಿ ಪ್ರಕಟಿಸಿದರು. ಹೊಲಗಳಿಂದ ಹರಿದುಬರುವ ಗೊಬ್ಬರದ ಸಾರಜನಕವು ಇದಕ್ಕೆ ಕಾರಣವಾಗಿರಬಹುದೆಂದು ಅವರು ಸೂಚಿಸಿದ್ದರು. ಅಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದು ಗೊತ್ತಿಲ್ಲದಿದ್ದರೆ ನಮ್ಮ ಗದ್ದೆಗೂ ಕಡಲಿಗೂ ಆಕಾಶಕ್ಕೂ ಇರುವ ಈ ಲೆಕ್ಕ ಎಂದಿಗೂ ತಾಳೆಯಾಗದು.

ತಪ್ಪೆಣಿಕೆ ಮಾಡಿದವರು ಸೋಮಾರಿಗಳಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸುವ ಅವರ ಪದ್ಧತಿಯಿಂದಲೇ ಕ್ಷಯ, ಕಾಲರಾಗಳ ಗುಟ್ಟು ಹೊರಬಿದ್ದದ್ದು. ರೋಗಾಣುವಿಗೆ ಪೌಷ್ಟಿಕ ರಸ ಹಿತವಾಗಿತ್ತು. ಒಂದು ಕಡೆ ಸಫಲವಾದ ಪದ್ಧತಿಯನ್ನು ಮತ್ತೊಂದು ಕಡೆಗೆ ಒಯ್ದಾಗ, ಅದು ಯಾರನ್ನು ಹೊರಗಿಡುತ್ತದೆ ಎಂದು ಕೇಳುವುದನ್ನು ಮರೆತದ್ದಷ್ಟೇ ದೋಷ. ಆ ಪದ್ಧತಿಗೆ ಅಗರ್ ಕೊಟ್ಟ ಗೃಹಿಣಿಯ ಹೆಸರೂ ಮೊದಲ ದಾಖಲೆಯಲ್ಲಿ ಬಿಟ್ಟುಹೋಗಿತ್ತು. ಈಗ ನನ್ನ ಮೇಜಿಗೆ ವಿವರಪಟ್ಟಿ ಬಂದಾಗ ಮೊತ್ತವನ್ನು ತಾಳೆ ನೋಡುವ ಮುನ್ನ ‘ಇತರೆ’ ಎಂಬ ಸಾಲನ್ನು ಒಮ್ಮೆ ನೋಡುತ್ತೇನೆ.