ವರ್ಣಭಯದ ನಿವಾರಣೆ: ಗುಸ್ತಾವ್ ಮೊರೋ ಅವರ ತರಗತಿ (1892-1898)

ಬಣ್ಣ ಬಳಸಲು ಅಂಜುವುದು ಕಲಾವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಸಂಗತಿ. ರೇಖೆಯನ್ನು ಧೈರ್ಯವಾಗಿ ಎಳೆಯಬಲ್ಲ ಕೈ ವರ್ಣಫಲಕದ ಮುಂದೆ ತಡವರಿಸುತ್ತದೆ. ಇದನ್ನು ವಿದ್ಯಾರ್ಥಿಯ ಸ್ವಭಾವದ ದೌರ್ಬಲ್ಯವೆಂದು ಪರಿಗಣಿಸುವುದು ರೂಢಿ. ಆದರೆ ಫ್ರಾನ್ಸಿನ ಕಲಾಶಿಕ್ಷಣದ ಇತಿಹಾಸವನ್ನು ಪರಿಶೀಲಿಸಿದಾಗ ಈ ಅಂಜಿಕೆಯ ಬೇರುಗಳು ಶಿಕ್ಷಣಕ್ರಮದಲ್ಲಿಯೇ ಇದ್ದುವೆಂಬುದು ಸ್ಪಷ್ಟವಾಗುತ್ತದೆ. ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್ ಎಂಬ ಸರ್ಕಾರಿ ಕಲಾಶಾಲೆಯಲ್ಲಿ ಗುಸ್ತಾವ್ ಮೊರೋ ನಡೆಸಿದ ತರಗತಿಯು ಈ ಅಂಶವನ್ನು ಅರಿಯಲು ಉತ್ತಮ ನಿದರ್ಶನವಾಗಿದೆ.

1648ರಲ್ಲಿ ಸ್ಥಾಪನೆಗೊಂಡ ಫ್ರೆಂಚ್ ರಾಜ ಅಕಾಡೆಮಿಯು ರೇಖೆಗೆ ಅಗ್ರಸ್ಥಾನ ನೀಡಿತು. ರೇಖೆ ಬುದ್ಧಿಗೆ ಸಂಬಂಧಿಸಿದ್ದು, ಬಣ್ಣ ಕೇವಲ ಕಣ್ಣಿನ ಸುಖಕ್ಕೆ ಸಂಬಂಧಿಸಿದ್ದು ಎಂಬುದು ಶಾರ್ಲ್ ಲಬ್ರನ್ ಮೊದಲಾದವರ ನಿಲುವಾಗಿತ್ತು. 1670ರ ದಶಕದಲ್ಲಿ ರೋಜೆ ದ ಪೀಲ್ ಅವರು ಬಣ್ಣದ ಪರವಾಗಿ ವಾದಿಸಿದರು. ಈ ವಿವಾದವು ಪೂಸ್ಸಾಂ ಪಕ್ಷ ಮತ್ತು ರೂಬೆನ್ಸ್ ಪಕ್ಷಗಳ ಕಲಹವೆಂದು ಪ್ರಸಿದ್ಧವಾಯಿತು. ವಾದದಲ್ಲಿ ಬಣ್ಣಕ್ಕೆ ಮನ್ನಣೆ ದೊರೆತರೂ ಪಾಠಕ್ರಮ ಬದಲಾಗಲಿಲ್ಲ. ವಿದ್ಯಾರ್ಥಿಯು ಮೊದಲು ಮುದ್ರಿತ ಚಿತ್ರಗಳನ್ನು, ಬಳಿಕ ಪ್ಲಾಸ್ಟರ್ ಪ್ರತಿಮೆಗಳನ್ನು, ಕೊನೆಗೆ ಜೀವಂತ ಮಾದರಿಯನ್ನು ನೋಡಿ ರೇಖಾಭ್ಯಾಸ ಮಾಡಬೇಕಾಗಿತ್ತು. 1863ರ ಸುಧಾರಣೆಯವರೆಗೆ ಎಕೋಲ್‌ನಲ್ಲಿ ಚಿತ್ರರಚನೆಯನ್ನು ಕಲಿಸುವ ಕಾರ್ಯಶಾಲೆಗಳೇ ಇರಲಿಲ್ಲ. ಬಣ್ಣದ ಕೆಲಸವನ್ನು ವಿದ್ಯಾರ್ಥಿಗಳು ಹೊರಗೆ, ಖಾಸಗಿ ಗುರುಗಳ ಬಳಿ ಕಲಿಯುತ್ತಿದ್ದರು. ವರ್ಷಗಟ್ಟಲೆ ಮುಂದೂಡಲ್ಪಟ್ಟ ವಿದ್ಯೆಯು ಅಪಾಯಕಾರಿಯಾಗಿ ತೋರುವುದು ಸಹಜ. ವರ್ಣಭಯದ ಸಾಂಸ್ಥಿಕ ಮೂಲವನ್ನು ಇಲ್ಲಿ ಗುರುತಿಸಬಹುದು.

ಇಂಥ ಪರಂಪರೆಯ ಶಾಲೆಗೆ ಮೊರೋ 1892ರಲ್ಲಿ ಪ್ರಾಧ್ಯಾಪಕರಾಗಿ ಬಂದರು. 1826ರಲ್ಲಿ ಜನಿಸಿದ ಅವರಿಗೆ ಆಗ ಅರುವತ್ತೈದು ದಾಟಿತ್ತು. ಪುರಾಣವಸ್ತುಗಳನ್ನು ಸೂಕ್ಷ್ಮವಾಗಿ ಚಿತ್ರಿಸುವ ಈ ಏಕಾಂತಪ್ರಿಯ ಕಲಾವಿದ ಉದಾರ ಶಿಕ್ಷಕರಾದುದು ಗಮನಾರ್ಹ. ಅವರು ತಮ್ಮ ಶೈಲಿಯನ್ನು ಶಿಷ್ಯರ ಮೇಲೆ ಹೇರಲಿಲ್ಲ. ಅವರನ್ನು ಲೂವ್ರ್ ಸಂಗ್ರಹಾಲಯಕ್ಕೆ ಕಳುಹಿಸಿ ಹಿಂದಿನ ಕಲಾವಿದರ ಕೃತಿಗಳನ್ನು ನಕಲು ಮಾಡಿಸಿದರು. ಜೊತೆಗೆ ಬೀದಿಗಿಳಿದು ಜನಜೀವನವನ್ನು ಗಮನಿಸುವಂತೆ ಪ್ರೇರೇಪಿಸಿದರು. ಕಂಡ ಬಣ್ಣವನ್ನು ಯಥಾವತ್ತಾಗಿ ಒಪ್ಪಿಸುವುದು ಸಾಲದು, ಅದನ್ನು ಕಲ್ಪನೆಯಲ್ಲಿ ಆಲೋಚಿಸಿಕೊಳ್ಳಬೇಕು ಎಂಬುದು ಅವರ ಬೋಧನೆಯ ತಿರುಳಾಗಿತ್ತೆಂದು ಶಿಷ್ಯರ ನೆನಪುಗಳಿಂದ ತಿಳಿಯುತ್ತದೆ. ಬಣ್ಣವೂ ಚಿಂತನೆಯ ವಿಷಯವೆಂದು ಹೇಳಿದಾಗ, ಬುದ್ಧಿ ರೇಖೆಗೆ ಸೇರಿದ್ದು ಎಂಬ ಎರಡು ಶತಮಾನಗಳ ಭೇದವೇ ಸಡಿಲಗೊಂಡಿತು.

ಆನ್ರಿ ಮಾತಿಸ್ ಅವರ ಬೆಳವಣಿಗೆ ಇದಕ್ಕೆ ಸಾಕ್ಷಿ. ಕಾನೂನು ಓದಿದ್ದ ಮಾತಿಸ್, 1890ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ ತಾಯಿ ತಂದುಕೊಟ್ಟ ಬಣ್ಣದ ಪೆಟ್ಟಿಗೆಯಿಂದ ಚಿತ್ರಕಲೆಗೆ ತೊಡಗಿದರು. ಖಾಸಗಿ ಶಾಲೆಯಾದ ಅಕಾಡೆಮಿ ಜೂಲಿಯಾಂನಲ್ಲಿ ಬೂಗೆರೋ ಅವರ ಬೋಧನೆ ಅವರಿಗೆ ಒಗ್ಗಲಿಲ್ಲ. ಎಕೋಲ್‌ನ ಅಂಗಳದಲ್ಲಿ ಪ್ಲಾಸ್ಟರ್ ಪ್ರತಿಮೆಗಳನ್ನು ನೋಡಿ ಬರೆಯುತ್ತಿದ್ದ ಅವರನ್ನು ಮೊರೋ ತಮ್ಮ ತರಗತಿಗೆ ಕರೆದುಕೊಂಡರು. ಅಧಿಕೃತ ಪ್ರವೇಶ ದೊರೆತದ್ದು 1895ರಲ್ಲಿ. ಇಲ್ಲಿಯೂ ಅವರ ವರ್ಣಫಲಕ ಬಹುಕಾಲ ಕಂದು ಮತ್ತು ಬೂದು ಬಣ್ಣಗಳಲ್ಲಿಯೇ ಉಳಿಯಿತು. ಮೊರೋ ಆತುರಪಡಿಸಲಿಲ್ಲ. 1896 ಮತ್ತು 1897ರಲ್ಲಿ ಬ್ರಿಟನಿ ಪ್ರಾಂತ್ಯದ ಬೆಲ್ ಈಲ್ ದ್ವೀಪದಲ್ಲಿ ಆಸ್ಟ್ರೇಲಿಯದ ಕಲಾವಿದ ಜಾನ್ ಪೀಟರ್ ರಸೆಲ್ ಅವರ ಒಡನಾಟದಿಂದ ಮಾತಿಸ್‌ಗೆ ಇಂಪ್ರೆಷನಿಸ್ಟ್ ವರ್ಣಪದ್ಧತಿಯ ಪರಿಚಯವಾಯಿತು. 1897ರಲ್ಲಿ ಪ್ರದರ್ಶಿತವಾದ, ಊಟದ ಮೇಜನ್ನು ಅಣಿಗೊಳಿಸುವ ಸೇವಕಿಯ ಚಿತ್ರದಲ್ಲಿ ಬಣ್ಣಗಳು ತಿಳಿಯಾದುವು. ಆ ಚಿತ್ರ ಟೀಕೆಗೆ ಗುರಿಯಾದಾಗ ಮೊರೋ ಶಿಷ್ಯನ ಪರ ನಿಂತರು. ಇಂಪ್ರೆಷನಿಸಂ ಅವರ ಸ್ವಂತ ಮಾರ್ಗವಾಗಿರಲಿಲ್ಲವೆಂಬುದನ್ನು ನೆನೆದರೆ ಈ ಬೆಂಬಲದ ಬೆಲೆ ತಿಳಿಯುತ್ತದೆ.

ತರಗತಿಯ ಸ್ನೇಹವೂ ಅಷ್ಟೇ ಮುಖ್ಯವಾದುದು. ಬಾಲ್ಯದಲ್ಲಿ ವರ್ಣಗಾಜಿನ ಕಿಟಕಿಗಳ ಕೆಲಸ ಕಲಿತಿದ್ದ ಜಾರ್ಜ್ ರೂಓ, ಆಲ್ಬೆರ್ ಮಾರ್ಕೆ, ಆನ್ರಿ ಮಾಂಗೆಂ, ಶಾರ್ಲ್ ಕಾಮ್ವಾಂ ಇವರೆಲ್ಲರೂ ಮೊರೋ ಶಿಷ್ಯರು. 1898ರಲ್ಲಿ ಮೊರೋ ನಿಧನರಾದ ಬಳಿಕ ಆ ಸ್ಥಾನಕ್ಕೆ ಫೆರ್ನಾಂ ಕೊರ್ಮೋಂ ಬಂದರು. ಮಾತಿಸ್ ಶಾಲೆಯಿಂದ ಹೊರಬೀಳಬೇಕಾಯಿತು. ಆದರೆ ಗೆಳೆತನ ಉಳಿಯಿತು. 1905ರ ಶರತ್ಕಾಲದ ಪ್ರದರ್ಶನದಲ್ಲಿ ವಿಮರ್ಶಕ ಲೂಯಿ ವೋಸೆಲ್ ‘ಫೋವ್’, ಅಂದರೆ ಕಾಡುಮೃಗಗಳು, ಎಂದು ಕರೆದ ಗುಂಪಿನಲ್ಲಿ ಮಾತಿಸ್, ಮಾರ್ಕೆ, ಮಾಂಗೆಂ, ಕಾಮ್ವಾಂ ಇದ್ದರು. ದೆರೇನ್ ಮತ್ತು ವ್ಲಾಮಿಂಕ್ ಈ ತರಗತಿಯಿಂದ ಬಂದವರಲ್ಲ. ಆದ್ದರಿಂದ ಫೋವ್ ಪಂಥಕ್ಕೆ ಮೊರೋ ಒಬ್ಬರೇ ಕಾರಣರೆನ್ನುವುದು ಅತಿಶಯೋಕ್ತಿಯಾದೀತು. ಬಣ್ಣದಲ್ಲಿ ತಪ್ಪುವ ಸ್ವಾತಂತ್ರ್ಯವನ್ನು ಅವರ ತರಗತಿ ನೀಡಿತೆಂಬುದಷ್ಟೇ ನಿರ್ವಿವಾದ.

1903ರಲ್ಲಿ ಮೊರೋ ಅವರ ಮನೆ ಸಂಗ್ರಹಾಲಯವಾಗಿ ತೆರೆಯಿತು. ರೂಓ ಅದರ ಮೊದಲ ಮೇಲ್ವಿಚಾರಕರಾದರು. ಸ್ಪಷ್ಟ ಆಕೃತಿಯಿಲ್ಲದ, ಬರಿಯ ವರ್ಣರಾಶಿಗಳಿಂದ ಕೂಡಿದ ಹಲವು ಅಭ್ಯಾಸಚಿತ್ರಗಳು ಅಲ್ಲಿವೆ. ಅವು ಸಿದ್ಧತೆಯ ಕರಡುಗಳೋ ಸ್ವತಂತ್ರ ಕೃತಿಗಳೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಪ್ರದರ್ಶಿತ ಕೃತಿಗಳಲ್ಲಿ ಗುರು ತೋರದಿದ್ದ ವರ್ಣಸ್ವಾತಂತ್ರ್ಯವು ಅವರ ಖಾಸಗಿ ಅಭ್ಯಾಸದಲ್ಲಿ ಇದ್ದಿತೆಂಬುದಂತೂ ಇವುಗಳಿಂದ ಸಿದ್ಧವಾಗುತ್ತದೆ.

ಈ ಪರಂಪರೆಯ ಮುಂದಿನ ಘಟ್ಟವು 1908ರಲ್ಲಿ ಸ್ವತಃ ಮಾತಿಸ್ ಆರಂಭಿಸಿದ ಶಾಲೆ. ಸಾರಾ ಸ್ಟೈನ್, ಹಾನ್ಸ್ ಪುರ್ಮಾನ್ ಮೊದಲಾದವರ ಒತ್ತಾಸೆಯಿಂದ ಆರಂಭವಾದ ಇದು 1911ರವರೆಗೆ ನಡೆಯಿತು. ಇಲ್ಲಿ ಸಮಸ್ಯೆ ತಿರುವುಮುರುವಾಗಿತ್ತು. ವಿದ್ಯಾರ್ಥಿಗಳು ಉಗ್ರವರ್ಣಗಳನ್ನು ಎರಚಿದ ಚಿತ್ರಪಟಗಳೊಂದಿಗೆ ಸಿದ್ಧರಾಗಿದ್ದರು. ಮಾತಿಸ್ ಅವನ್ನು ಬದಿಗಿಡಿಸಿ, ಪ್ರಾಚೀನ ಶಿಲ್ಪದ ಪ್ಲಾಸ್ಟರ್ ಪ್ರತಿಕೃತಿಯ ಮುಂದೆ ಅಭ್ಯಾಸಕ್ಕೆ ಕೂರಿಸಿದರು. ಮೇಲುನೋಟಕ್ಕೆ ಇದು ಹಳೆಯ ಕ್ರಮಕ್ಕೆ ಮರಳಿದಂತೆ ಕಾಣಬಹುದು. ಆದರೆ ಅನುಕರಣೆಯಿಂದ ಬಂದ ಧೈರ್ಯವೂ ಭಯದಷ್ಟೇ ಪರಾಧೀನವೆಂಬ ಅರಿವು ಇದರ ಹಿಂದಿತ್ತು.

ಒಟ್ಟಿನಲ್ಲಿ, ವರ್ಣಭಯವು ಪಾಠಕ್ರಮದಿಂದ ಬೆಳೆದುದಾದ್ದರಿಂದ ಅದರ ನಿವಾರಣೆಯೂ ಪಾಠಕ್ರಮದ ಹೊಣೆಯೇ ಆಗಿದೆ. ಮೊರೋ ಶಿಷ್ಯರಿಗೆ ಕೊಟ್ಟದ್ದು ಸಿದ್ಧ ವರ್ಣಸೂತ್ರವಲ್ಲ. ಕಾಲಾವಕಾಶ, ಹಿಂದಿನವರ ಕೃತಿಗಳ ನೇರ ಸಂಪರ್ಕ, ಟೀಕೆಯ ವೇಳೆ ಬೆಂಬಲ ಮತ್ತು ಸಹಪಾಠಿಗಳ ಸ್ನೇಹ. ಆಧುನಿಕ ವರ್ಣಕ್ರಾಂತಿಯ ಇತಿಹಾಸದಲ್ಲಿ ಪ್ರದರ್ಶನಶಾಲೆಯಷ್ಟೇ ತರಗತಿಗೂ ಸ್ಥಾನ ಸಲ್ಲಬೇಕಾದುದು ಈ ಕಾರಣದಿಂದ.